ಮಾಮನ ಅಂಗಳದ ಡ್ರೋನ್ ದವಾಖಾನೆ

ಹುನಗುಂದ, ಇಳಕಲ್ಲ, ಬಾದಾಮಿ, ಈ ಮೂರು ತಾಲೂಕುಗಳ ಆಕಾಶದಲ್ಲಿ ಕಾಗೆ, ಗಿಣಿ, ಗಾಳಿಪಟಗಳನ್ನು ಬಿಟ್ಟರೆ ಉಳಿದದ್ದೆಲ್ಲ ನಮ್ಮ ಮಾಮನ ಅಪ್ಪಣೆ ಪಡೆದೇ ಹಾರುತ್ತದೆ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ! ಈ ಆಕಾಶದ ಅಧಿಪತಿಗಳು ಇಂದಿನವರೆಗೆ ವಿಮಾನವನ್ನೇ ಹತ್ತಿಲ್ಲ. ಒಮ್ಮೆ ಹುಬ್ಬಳ್ಳಿಯಿಂದ ಹತ್ತುವ ಯೋಗ ಬಂದಿತ್ತು. ಟಿಕೀಟು ಸಹ ಕೈಗೆ ಬಂದಿತ್ತು. ಮಾಮ ಖಡಾಖಂಡಿತವಾಗಿ ಹೇಳಿಬಿಟ್ಟರು: "ಹಾರೂ ಸಾಮಾನು ಕೆಟ್ಟರ ನಾ ಕೆಳಗ ಇರಬೇಕು. ಒಳಗ ಕುಂತು ಹೆಂಗ ರಿಪೇರಿ ಮಾಡ್ಲಿ?"

ಮಾಮ ಎಂದರೆ ನನ್ನ ಅವ್ವನ ಅಣ್ಣ. ಇಳಕಲ್ಲಿನ ಪೇಟೆಯಲ್ಲಿ ಮೂವತ್ತು ವರ್ಷ ರೇಡಿಯೊ, ಟೀವಿ ರಿಪೇರಿ ಅಂಗಡಿ ಇಟ್ಟವರು. ನಾನು ಹುನಗುಂದದಲ್ಲಿ ಪ್ರಾಥಮಿಕ ಶಾಲೆಯ ಟೀಚರು. ರವಿವಾರ ಬಂತೆಂದರೆ ಅತ್ತೆಯ ಕೈರೊಟ್ಟಿ ತಿನ್ನಲು ಅವರ ಮನೆಗೆ ಓಡುತ್ತೇನೆ. ನಾನು ಸಣ್ಣವಳಿದ್ದಾಗ ಮಾಳಿಗೆಯ ಮೇಲೆ ಮಾಮ ಆ್ಯಂಟೆನಾ ತಿರುವುತ್ತಿದ್ದರು, ಕೆಳಗೆ ಟೀವಿಯ ಮುಂದೆ ಅತ್ತೆ ನಿಂತಿರುತ್ತಿದ್ದಳು. ಮೇಲಿನಿಂದ "ಬಂತೇನು?" ಕೆಳಗಿನಿಂದ "ಬಂತು, ಬಂತು... ಅಯ್ಯ, ಹೋತು!" ನನ್ನ ಬಾಲ್ಯವೆಲ್ಲ ಈ ಎರಡು ಕೂಗುಗಳ ನಡುವೆಯೇ ಕಳೆದುಹೋಯಿತು. ಆಮೇಲೆ ತಟ್ಟೆಯಂಥ ಡಿಶ್‌ಗಳು ಬಂದವು, ಆಮೇಲೆ ಮೊಬೈಲು ಬಂತು, ಮಾಮನ ಅಂಗಡಿ ಮುಚ್ಚಿತು. ಮನುಷ್ಯ ಆರು ತಿಂಗಳು ಮುಖ ಕೆಳಗೆ ಹಾಕಿ ಕೂತಿದ್ದರು.

ಅವರ ಮುಖ ಮತ್ತೆ ಮೇಲಕ್ಕೆದ್ದದ್ದು ಎದುರು ಮನೆಯ ಲಗ್ನದಲ್ಲಿ. ವಿಡಿಯೊ ತೆಗೆಯುವವನೊಬ್ಬ ಡ್ರೋನ್ ಹಾರಿಸಿದ್ದ. ಅದು ತೆಂಗಿನ ಮರದೆತ್ತರ ದಾಟಿತೋ ಇಲ್ಲವೋ, ಅವನ ಮೊಬೈಲಿನಲ್ಲಿ ಚಿತ್ರ ಅಲ್ಲಲ್ಲೇ ನಿಂತು ನಿಂತು ಬರತೊಡಗಿತು. ಮದುಮಗ ಒಂದು ಕಾಲು ಎತ್ತಿಕೊಂಡು ಹಾಗೇ ಕಲ್ಲಾಗಿ ನಿಂತಿದ್ದಾನೆ! ಮಾಮ ಹಾರಿ ಹೋಗಿ ಅವನ ಕೈ ಹಿಡಿದರು.

"ಅಲ್ಲೋ ತಮ್ಮಾ, ರಿಮೋಟಿನ ಈ ಎರಡ ಕೊಂಬು ಆ್ಯಂಟೆನಾ ಹೌದಿಲ್ಲೋ? ತುದಿ ಅದರ ಕಡೆ ಮಾಡಿ ಚುಚ್ಚಾಕ ಹೋದಂಗ ಹಿಡದರ ಸಿಗ್ನಲ್ ಹೆಂಗ ಹೋಗಬೇಕು? ಅಂಗೈ ತೋರಿಸಿದಂಗ ಅದರ ಅಗಲ ತೋರಿಸು."

ತೋರಿಸಿದ. ಮದುಮಗನ ಕಾಲು ನೆಲಕ್ಕೆ ಬಂತು. ಮಾಮ ತಮ್ಮ ಹಳೆಯ ಅಭ್ಯಾಸದಂತೆ "ಬಂತೇನು?" ಎಂದು ಇಡೀ ಓಣಿಗೆ ಕೇಳಿಸುವಂತೆ ಕೂಗಿದರು. ಅಂದಿನಿಂದ ಮಾಮನ ಅಂಗಳ ಡ್ರೋನ್ ದವಾಖಾನೆಯಾಯಿತು. ಫೋಟೊ ಸ್ಟುಡಿಯೊದವರು, ಹೊಲದ ಸರ್ವೆ ಮಾಡುವವರು, ಹವ್ಯಾಸಕ್ಕೆ ಕೊಂಡು ಹೆಂಡತಿಯಿಂದ ಬೈಸಿಕೊಂಡವರು, ಎಲ್ಲರೂ ತಮ್ಮ ತಮ್ಮ ರೋಗಿಗಳನ್ನು ಕಂಕುಳಲ್ಲಿ ಹಿಡಿದು ಬರತೊಡಗಿದರು.

ಈ ದವಾಖಾನೆಗೆ ಎರಡು ಕಾನೂನು. ಒಂದು, ಬಂದವರು "ಅದು ತಾನ ಕೆಟ್ಟೈತ್ರಿ" ಎನ್ನಬಾರದು. ಎಂದರೋ, ಮುಗಿಯಿತು! "ತಾನ ಕೆಡಾಕ ಅದೇನ ಮಜ್ಜಿಗಿ ಏನೋ?" ಎಂದು ಮಾಮ ಹರಿಹಾಯುತ್ತಾರೆ. ಎರಡನೆಯದು, ಯಾವುದನ್ನೂ ಬಿಚ್ಚುವ ಮೊದಲು ಒಂದೊಂದೇ ಬದಲಿಸಿ ನೋಡಬೇಕು. ಮೊದಲು ಮೊಬೈಲು, ಆಮೇಲೆ ವೈರು, ಆಮೇಲೆ ಬ್ಯಾಟರಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಮಹಾಪಾಪ. "ಎಲ್ಲಾ ಬದ್ಲಿ ಮಾಡಿದ ಮ್ಯಾಲೂ ಕಾಟ ಹೋಗ್ಲಿಲ್ಲಂದ್ರ, ಬದಲಾಗದ ಉಳಿದದ್ದ ಕಳ್ಳ. ಇಷ್ಟ ನೋಡು ವಿದ್ಯಾ."

ಒಮ್ಮೆ ಬಾದಾಮಿಯ ಸ್ಟುಡಿಯೊದವನೊಬ್ಬ ಬಂದ. ರಿಮೋಟಿನ ಕಡ್ಡಿ ಎಡಕ್ಕೆ ಒತ್ತಿದರೆ ಡ್ರೋನ್ ಓರೆಯಾಗಿ ಎತ್ತಲೋ ಹೋಗುತ್ತದಂತೆ. ಕಾನೂನು ಗೊತ್ತಿಲ್ಲದೆ "ತಾನ ಕೆಟ್ಟೈತ್ರಿ" ಎಂದೂ ಹೇಳಿಬಿಟ್ಟ. ಮಾಮ ಕಡ್ಡಿಯ ಮೇಲೆ ಹೆಬ್ಬೆರಳು ಆಡಿಸಿದರು.

"ಇವು ಯಾರ ಹಲ್ಲು?"

ಅವನು ಬೆವೆತ. ಕಡೆಗೆ ಬಾಯಿ ಬಿಟ್ಟ. ಡ್ರೋನ್ ಮೇಲಿತ್ತಂತೆ, ಹಸಿವಾಯಿತಂತೆ, ರಿಮೋಟು ಕಲ್ಲಿನ ಮೇಲಿಟ್ಟು ಬುತ್ತಿ ಬಿಚ್ಚಿದನಂತೆ. ಅಷ್ಟರಲ್ಲಿ ಮಂಗವೊಂದು ಬಂದು ಬುತ್ತಿ ಬಿಟ್ಟು ರಿಮೋಟು ಎತ್ತಿಕೊಂಡು ಕಡ್ಡಿ ಕಚ್ಚಿತಂತೆ.

"ಎಷ್ಟೊತ್ತು ಹಾರಿಸ್ತು?"

"ಎರಡ ನಿಮಿಷ್ರಿ."

"ಬಿತ್ತೇನು?"

"ಇಲ್ರಿ. ಕಸಗೊಂಡ ಮ್ಯಾಲ ನನ್ನ ಕೈಯಾಗ ಬಿತ್ರಿ."

ಮಾಮ ಕಡ್ಡಿ ಬದಲಿಸಿಕೊಟ್ಟರು. ಮಂಗಕ್ಕೆ ಕೆಲಸ ಕೊಡು ಎಂದು ಸಲಹೆಯನ್ನೂ ಕೊಟ್ಟರು.

ರಾಮಥಾಳದ ಕಡೆ ಕಾಲುವೆಯ ಚಿತ್ರ ತೆಗೆಯುವವರದು ಇನ್ನೊಂದು ಫಜೀತಿ. ಅವರ ಡ್ರೋನ್ ಮೇಲೇರಿದ ಕೂಡಲೇ ಗಾಣದ ಎತ್ತಿನಂತೆ ಸುತ್ತು ಹಾಕುತ್ತಿತ್ತು. ಮಾಮ ಕೇಳಿದ್ದು ಒಂದೇ ಪ್ರಶ್ನೆ: "ಎಲ್ಲಿಂದ ಹಾರಿಸ್ತೀರಿ?" ಕೆಳಗೆ ಎರೆಮಣ್ಣಿನ ಧೂಳು ಎಂದು ಟ್ರ್ಯಾಕ್ಟರ್ ಟ್ರೇಲರ್ ಮೇಲಿಂದ ಹಾರಿಸುತ್ತಿದ್ದರಂತೆ! ಅಷ್ಟೊಂದು ಕಬ್ಬಿಣದ ಮೇಲೆ ಕೂತರೆ ಒಳಗಿನ ದಿಕ್ಸೂಚಿಗೆ ಉತ್ತರ ಯಾವುದು, ದಕ್ಷಿಣ ಯಾವುದು? ಮಾಮ ಒಳಗೆ ಹೋಗಿ ಅತ್ತೆಯ ಊಟದ ಮಣೆ ತಂದುಕೊಟ್ಟರು. "ಮಣಿ ಹಾಕಿ ಕೂಡ್ರಸ್ರಿ. ಹಂಗ ಏಳಸ್ರಿ." ಈಗ ಅವರು ಹೋದಲ್ಲೆಲ್ಲ ಆ ಮಣೆ ಹೋಗುತ್ತದೆ. ಡ್ರೋನ್ ಅಳಿಯನಂತೆ ಮಣೆಯ ಮೇಲೆ ಕೂತು, ಮಣೆಯಿಂದಲೇ ಏಳುತ್ತದೆ. ಅತ್ತೆ ಮಾತ್ರ ಇನ್ನೂ ಆ ಮಣೆ ಕೇಳುತ್ತಿದ್ದಾಳೆ.

ಆ ದಿನ ದಿಕ್ಸೂಚಿ ಸರಿಪಡಿಸಲು ಮಾಮ ಡ್ರೋನ್ ಎರಡೂ ಕೈಯಲ್ಲಿ ಹಿಡಿದು ಓಣಿಯ ನಡುವೆ ನಿಂತು ಮೊದಲು ಅದನ್ನು ಅಡ್ಡ ಹಿಡಿದು ಒಂದು ಸುತ್ತು, ಆಮೇಲೆ ನೆಟ್ಟಗೆ ಹಿಡಿದು ಒಂದು ಸುತ್ತು ತಿರುಗಿದರು. ಪಕ್ಕದ ಮನೆಯ ಅಜ್ಜಿ ಗಾಬರಿಯಿಂದ ಓಡಿ ಬಂದು ಕೇಳಿದಳು: "ಯಾರಿಗಿ ದೃಷ್ಟಿ ಆಗೇತೋ ಯಪ್ಪಾ? ಉಪ್ಪು ಮೆಣಸಿನಕಾಯಿ ತರ್ಲೇನು?"

ಆದರೆ ಗುಡೂರಿನವನ ಮುಂದೆ ಇವೆಲ್ಲ ಏನೂ ಅಲ್ಲ. ಮಹಾನವಮಿಯ ಮರುದಿನ ಬಂದ. ಡ್ರೋನ್ ಏರುತ್ತದಂತೆ, ಇಳಿಯುವುದಿಲ್ಲವಂತೆ. ಇಳಿಸಲು ಹೋದರೆ ಆಳೆತ್ತರಕ್ಕೆ ಬಂದು, ಏನನ್ನೋ ಕಂಡು ಹೆದರಿದ ಹಾಗೆ ಮತ್ತೆ ಮೇಲಕ್ಕೆ! ಬ್ಯಾಟರಿ ಮುಗಿಯುವ ಹೊತ್ತಿಗೆ ಕಂಬಳಿ ಹಿಡಿದು ಕೆಳಗೆ ನಾಲ್ಕು ಜನ ನಿಂತಿದ್ದರಂತೆ. ಮಾಮ ಅದನ್ನು ಅಂಗಾತ ತಿರುವಿ ಹೊಟ್ಟೆಯ ಮೇಲೆ ಬೆರಳಾಡಿಸಿ ಮೂಸಿ ನೋಡಿದರು.

"ಪೂಜಾ ಮಾಡಿದಿ?"

"ಮಾಡಿದ್ನಿರಿ. ಆಯುಧ ಪೂಜಿ ಅಲ್ರಿ?"

"ಇಬತ್ತಿ ಎಲ್ಲಿ ಹಚ್ಚಿದಿ?"

"ಬುಡಕ್ರಿ. ಮ್ಯಾಲ ಹಚ್ಚಿದ್ರ ಗಾಳಿಗೆ ಹಾರತೈತಂತ, ನೀರಾಗ ಕಲಸಿ ಮೂರ ಬಟ್ಟು ಗಟ್ಟಿಯಾಗಿ ಬುಡಕ ಎಳದೇನ್ರಿ."

ಆ ಹೊಟ್ಟೆಯಲ್ಲಿಯೇ ಡ್ರೋನ್ ನೆಲ ನೋಡುವ ಕಣ್ಣುಗಳಿರುವುದು! ಕಣ್ಣು ಮುಚ್ಚಿದ ಪ್ರಾಣಿ ಎಲ್ಲಿ ಇಳಿಯಬೇಕು, ಹೇಳಿ? ಮಾಮ ಅತ್ತೆಯ ಹಳೆಯ ಸೀರೆಯ ಚೂರಿನಿಂದ ಒರೆಸುತ್ತ ಗುಡುಗಿದರು: "ಭಕ್ತಿ ಇರ್ಲಿ, ಯಾರ ಬ್ಯಾಡ ಅಂದಾರ? ಹಣಿಗೆ ಹಚ್ಚೋ ಮಾರಾಯಾ, ಕಣ್ಣಿಗೆ ಹಚ್ಚಬ್ಯಾಡ." ಈಗ ನಮ್ಮ ಕಡೆ ಎಲ್ಲ ಡ್ರೋನ್‌ಗಳಿಗೂ ವಿಭೂತಿ ಬೆನ್ನ ಮೇಲೆ. ಶಾಸ್ತ್ರವೇ ಆಗಿಹೋಗಿದೆ.

ಇಷ್ಟೆಲ್ಲ ಹೇಳುವ ಭರದಲ್ಲಿ ಮುಖ್ಯ ಮಾತನ್ನೇ ಬಿಟ್ಟೆ ನೋಡಿ. ಊರವರ ಡ್ರೋನ್‌ಗಳ ಕಣ್ಣು ಒರೆಸುತ್ತಿದ್ದ ಮಾಮನಿಗೆ ಕಣ್ಣು ಕಾಣುತ್ತಿರಲಿಲ್ಲ!

ಎರಡೂ ಕಣ್ಣಲ್ಲಿ ಪೊರೆ. ಬಾಗಲಕೋಟೆಯ ಡಾಕ್ಟರು ಎರಡು ವರ್ಷದ ಹಿಂದೆಯೇ ಆಪರೇಶನ್ ಮಾಡಿಸಿ ಎಂದಿದ್ದರು. ಕಳೆದ ವರ್ಷ ಅತ್ತೆ ಮತ್ತೆ ಎಳೆದುಕೊಂಡು ಹೋದಾಗ, ಬಲಗಣ್ಣಿನದು ಪೂರ್ತಿ ಬಲಿತಿದೆ, ಇನ್ನೂ ತಡ ಮಾಡಿದರೆ ಕಣ್ಣೇ ಕೈಬಿಟ್ಟೀತು ಎಂದು ಎಚ್ಚರಿಸಿದ್ದರು. ಮಾಮ ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದರು. "ಚಾಲೂ ಇದ್ದ ಸಾಮಾನು ಬಿಚ್ಚಬಾರದು" ಎಂಬುದು ಅವರ ವಾದ. ತಮಗೆ ಚೆನ್ನಾಗಿಯೇ ಕಾಣುತ್ತದೆ. ಕಂಪನಿಯವರು ಸ್ಕ್ರೂ ಸಣ್ಣ ಮಾಡಿದ್ದಾರೆ, ಪತ್ರಿಕೆಯವರು ಮಸಿಗೆ ನೀರು ಬೆರೆಸುತ್ತಿದ್ದಾರೆ, ಸೂರ್ಯನಿಗೂ ಮೊದಲಿನ ಖದರು ಉಳಿದಿಲ್ಲ! ಬೆಳಕಿಗೆಂದು ಅಂಗಳಕ್ಕೆ ನಾಲ್ಕು ಟ್ಯೂಬ್‌ಲೈಟ್ ಹಾಕಿಸಿದರು. ಸಂಜೆ ಹಚ್ಚಿದರೆ ಊರ ಹುಳುಗಳೆಲ್ಲ ಬೀಗರಂತೆ ಬಂದು ಇಳಿಯುತ್ತಿದ್ದವು.

ಆದರೂ ಕೆಲಸ ಹೇಗೆ ನಡೆಯುತ್ತಿತ್ತು? ಕಿವಿ, ಬೆರಳು, ಮೂಗು. ಮೋಟಾರಿನ ಸದ್ದು ಕೇಳಿ ರೋಗ ಹೇಳುತ್ತಿದ್ದರು. ಬ್ಯಾಟರಿ ಉಬ್ಬಿದೆಯೋ ಎಂದು ಕೆನ್ನೆಗೆ ಹಚ್ಚಿ ನೋಡುತ್ತಿದ್ದರು. ಸ್ಕ್ರೀನಿನ ಮೇಲೆ ಏನು ಬರೆದು ಬಂತು ಎಂಬುದನ್ನು ಬಂದವರಿಂದಲೇ ಓದಿಸುತ್ತಿದ್ದರು: "ನೀನ ಓದು. ಓದಿದ್ರ ನೆನಪ ಉಳೀತೈತಿ." ಎಂಥ ದೊಡ್ಡ ಗುರು ಎಂದು ಅವರೆಲ್ಲ ಕೈಮುಗಿಯುತ್ತಿದ್ದರು. ಮನೆಯವರಿಗೆಲ್ಲ ಸತ್ಯ ಗೊತ್ತಿತ್ತು. ಬಂದು ಹೋಗುವ ಗಿರಾಕಿಗಳಿಗೂ ಗೊತ್ತಾಗತೊಡಗಿತ್ತು. ಗೊತ್ತಿಲ್ಲವೆಂದು ತಿಳಿದಿದ್ದವರು ಮಾಮ ಒಬ್ಬರೇ. ಖರೇ ಹೇಳಬೇಕೆಂದರೆ ಮಾಮ ಹೆದರಿದ್ದರು. ಆಪರೇಶನ್ ಕೆಟ್ಟು ಇರುವ ಮಬ್ಬು ಬೆಳಕೂ ಹೋದರೆ ಏನು ಗತಿ ಎಂಬ ಹೆದರಿಕೆ. ಅದನ್ನು ಬಾಯಿ ಬಿಟ್ಟು ಹೇಳಲಿಕ್ಕೆ ಆ ಮನುಷ್ಯನಿಗೆ ಬರುತ್ತಿರಲಿಲ್ಲ, ನಮಗೆ ಕೇಳಲಿಕ್ಕೆ ಧೈರ್ಯವಿರಲಿಲ್ಲ.

ಹೀಗಿರುವಾಗ ಒಂದು ರವಿವಾರ ಗುಳೇದಗುಡ್ಡದಿಂದ ಒಬ್ಬ ಹೆಣ್ಣುಮಗಳು ಬಂದಳು. ಮನೆಯಲ್ಲಿ ಕುಪ್ಪಸದ ಖಣ ನೇಯುವ ಮಗ್ಗ. ಇವಳು ಮಗ್ಗ ಬಿಟ್ಟು ಕ್ಯಾಮೆರಾ ಹಿಡಿದವಳು. ಮರುದಿನ ಬಾದಾಮಿಯಲ್ಲಿ ಅವಳ ಮೊದಲ ಸ್ವಂತ ಲಗ್ನದ ಕೆಲಸ. ವಿಡಿಯೊ ನೀರಲ್ಲಿ ಕಂಡಂತೆ ಕದಡಿ ಕದಡಿ ಬರುತ್ತಿತ್ತು. ಮಾಮ ಡ್ರೋನ್ ಹಾರಿಸಲು ಹೇಳಿ, ಕಣ್ಣು ಮುಚ್ಚಿ ತಲೆ ಓರೆ ಮಾಡಿ ಕೇಳಿದರು.

"ಇಳಿಸು. ಹಿಂದಿನ ಬಲಗಡೀದು ಅಪಸ್ವರ ಹಾಡಾಕತ್ತೈತಿ."

ನೋಡಿದರೆ ಆ ರೆಕ್ಕೆಯ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಚೂರು ಹಾರಿಹೋಗಿದೆ! ಬದಲಿಸಿದರು. ಮತ್ತೆ ಹಾರಿಸಿದಳು. ಚಿತ್ರ ನಿಂತ ನೀರಿನಂತೆ ತಿಳಿಯಾಗಿ ಬಂತು. ಅವಳ ಮುಖ ಅರಳಿತು. ಖುಷಿಯಲ್ಲಿ ಮೊಬೈಲನ್ನು ಮಾಮನ ಮುಂದೆ ಹಿಡಿದು, "ಕಾಕಾ, ನೋಡ್ರಿ ಎಷ್ಟ ಚಂದ ಬಂದೈತಿ" ಎಂದಳು.

ಯಾರೂ ಮಾಮನಿಗೆ ಹಾಗೆ ತೋರಿಸುತ್ತಿರಲಿಲ್ಲ. ಅವಳಿಗೆ ಗೊತ್ತಿರಲಿಲ್ಲ, ಪಾಪ. ಮಾಮ ಮೊಬೈಲು ಮೂಗಿನವರೆಗೆ ತಂದರು, ದೂರ ಹಿಡಿದರು, ಮತ್ತೆ ತಂದರು.

"ಎಲ್ಲಿ ಚಂದ ಐತಿ? ಹೊಗಿ ತುಂಬಿದಂಗ ಐತಿ. ಕ್ಯಾಮೆರಾ ಒಳಗ ಮಸುಕ ಹಿಡದೈತಿ ತಂಗಿ. ಬಿಚ್ಚಿ ಒರಸಬೇಕು." ಎಂದವರೇ ಸಣ್ಣ ಸ್ಕ್ರೂಡ್ರೈವರಿಗೆ ಕೈ ಚಾಚಿದರು.

ಆ ಕ್ಯಾಮೆರಾದ ಒಳಗೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ವೈರಿನ ಪಟ್ಟಿ ಇರುತ್ತದೆ. ಅದು ಹರಿದರೆ ನಾಳೆಯ ಲಗ್ನ ಹೋಯಿತು, ಅವಳ ಹೊಸ ಹೆಸರೂ ಹೋಯಿತು. ಆದರೆ ಮಾಮನಿಗೆ ಎದುರಾಡುವವರು ಯಾರು? ಗುಡೂರಿನವನು ಇನ್ನೊಂದು ಕೆಲಸಕ್ಕೆ ಬಂದು ಕಟ್ಟೆಯ ಮೇಲೆ ಕೂತಿದ್ದ. ಮೊಬೈಲು ಇಣುಕಿ ನೋಡಿ, "ಹೌದ್ರಿ, ಒಂಚೂರು ಮಸುಕ ಐತ್ರಿ" ಎಂದ. ಮಾಮ ನನ್ನ ಕಡೆ ತಿರುಗಿದರು. ಮಕ್ಕಳಿಗೆ ದಿನವೂ ಸತ್ಯ ಹೇಳಬೇಕೆಂದು ಪಾಠ ಮಾಡುವ ನಾನು ಹೇಳಿದೆ: "ಹೌದು ಮಾಮಾ, ಸ್ವಲ್ಪ ಮಸುಕ ಅದ." ಆ ಹೆಣ್ಣುಮಗಳು ನಮ್ಮಿಬ್ಬರ ಮುಖ ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿಕೊಂಡಿತು.

ಆಗ ಒಳಗಿನಿಂದ ಅತ್ತೆ ಬಂದಳು. ಕೈಯೆಲ್ಲ ಜೋಳದ ಹಿಟ್ಟು.

"ಅಲ್ರೀ, ಬಿಚ್ಚೂಕಿಂತ ಮೊದಲ ಒಂದೊಂದ ಬದ್ಲಿ ಮಾಡಿ ನೋಡ್ರಿ ಅಂತ ಊರಿಗೆಲ್ಲಾ ಹೇಳ್ತೀರಿ. ಆ ಕಾನೂನು ನಿಮಗಿಲ್ಲೇನು?"

ಮಾಮನ ಕೈ ತಡೆಯಿತು. ತಮ್ಮ ಕಾನೂನು ತಾವೇ ಮುರಿಯುವ ಪೈಕಿ ಅಲ್ಲ ಅವರು. "ಹಂ. ಮಾಡೂಣು. ಮೊದಲ ಮೊಬೈಲ್."

ನನ್ನ ಹೊಸ ಮೊಬೈಲು ಜೋಡಿಸಿದೆವು. ಮಾಮ ನೋಡಿದರು. ಮಸುಕು. ವೈರು ಬದಲಿಸಿದೆವು. ಮಸುಕು. "ಡ್ರೋನ್ ಬದ್ಲಿ ಮಾಡ್ರಿ" ಎಂದಳು ಅತ್ತೆ. ಗುಡೂರಿನವನು ಬೆನ್ನಿಗೆ ವಿಭೂತಿ ಹಚ್ಚಿದ ತನ್ನ ಡ್ರೋನ್ ಎಬ್ಬಿಸಿ, ಅದರ ಚಿತ್ರವನ್ನು ಸ್ಕ್ರೀನಿರುವ ಅದರದೇ ರಿಮೋಟಿನಲ್ಲಿ ತೋರಿಸಿದ. ಒಂದರ ರಿಮೋಟು ಇನ್ನೊಂದಕ್ಕೆ ನಡೆಯುವುದಿಲ್ಲವಾದ್ದರಿಂದ ಮಹಾಪಾಪಕ್ಕೆ ಇಷ್ಟು ರಿಯಾಯಿತಿ. ಅಂಗಳ, ಬೇವಿನ ಮರ, ನಮ್ಮ ಐದು ಜನರ ತಲೆ, ಅತ್ತೆ ಒಣಹಾಕಿದ ಸಂಡಿಗೆ ಒಂದೊಂದೂ ಎಣಿಸುವಷ್ಟು ಸ್ಪಷ್ಟ. ಮಾಮ ಬಹಳ ಹೊತ್ತು ನೋಡಿದರು. ಅದೂ ಮಸುಕು.

ಅತ್ತೆ ಕೈಗಂಟಿದ ಹಿಟ್ಟು ಉಜ್ಜುತ್ತ ನಿಂತಳು. ಒಂದು ಮಾತು ಆಡಿದ್ದರೂ ಮಾಮ ಜಗಳಕ್ಕೆ ನಿಂತು ತಪ್ಪಿಸಿಕೊಳ್ಳುತ್ತಿದ್ದರು.

"ಮೊಬೈಲ್ ಬದಲಾತು. ವೈರ್ ಬದಲಾತು. ಡ್ರೋನ್ ಬದಲಾತು, ರಿಮೋಟೂ ಬದಲಾತು" ಎಂದು ಮಾಮ ಬೆರಳು ಮಡಚಿದರು. ಐದನೆಯ ಬೆರಳು ಹಾಗೇ ನಿಂತಿತು. "ಬದಲಾಗದ ಉಳಿದಾಂವ ನಾ ಒಬ್ಬನ."

ಸ್ಕ್ರೂಡ್ರೈವರು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದರು. ಆ ಹೆಣ್ಣುಮಗಳ ತಲೆ ಸವರಿ, "ಬಂಗಾರದಂಥಾ ಕ್ಯಾಮೆರಾ ತಂಗಿ ನಿಂದು. ನಾಳಿ ಧೈರ್ಯಲೆ ಹಾರಿಸು" ಎಂದರು. ಆಮೇಲೆ ಅತ್ತೆಗೆ ಕೇಳಿದರು: "ಬಾಗಲಕೋಟಿ ಬಸ್ಸು ಮುಂಜಾನೆ ಎಷ್ಟಕ್ಕೈತಿ?"

ನಾನೂ ರಜೆ ಹಾಕಿ ಜೊತೆಗೆ ಹೋದೆ. ಬಾಗಲಕೋಟೆಯ ಕಣ್ಣಿನ ದವಾಖಾನೆಯಲ್ಲಿ ಮಾಮ ಸುಮ್ಮನಿದ್ದರೆಂದು ತಿಳಿದಿರಾ? ಹಾಕುವ ಮಸೂರ ಯಾವ ಕಂಪನಿಯದು, ಧೂಳು ಹಿಡಿಯುತ್ತದೆಯೋ, ಗ್ಯಾರಂಟಿ ಎಷ್ಟು ವರ್ಷ, ಎಲ್ಲ ವಿಚಾರಿಸಿದರು. ಡಾಕ್ಟರು ನಗುತ್ತ, "ನೀವು ಇರೋತನಕ ಗ್ಯಾರಂಟಿ ಅಜ್ಜಾರ" ಎಂದರು. ಎರಡೂ ಕಣ್ಣು ಒಮ್ಮೆಲೇ ಮಾಡುತ್ತೀರಾ ಎಂದು ಕೇಳಿದ್ದಕ್ಕೆ, "ಇಲ್ಲ, ಮೊದಲ ಒಂದು, ತಿಂಗಳಾದ ಮ್ಯಾಲ ಇನ್ನೊಂದು" ಎಂದರು. ಮಾಮ ನನ್ನ ಕಿವಿಯಲ್ಲಿ, "ಒಂದ ಸಲಕ್ಕ ಒಂದ ಬದಲಿಸ್ತಾನ. ಡಾಕ್ಟರ್ ಶಾಣ್ಯಾ ಅದಾನ" ಎಂದು ಪಿಸುಗುಟ್ಟಿದರು. ಆದರೆ ಒಳಗೆ ಕರೆದಾಗ ನನ್ನ ಕೈ ಹಿಡಿದಿದ್ದ ಅವರ ಕೈಯನ್ನು ನರ್ಸು ಬಿಡಿಸಬೇಕಾಯಿತು. ಮಾಳಿಗೆಯ ಅಂಚಿನಲ್ಲಿ ನಿಂತು ಆ್ಯಂಟೆನಾ ತಿರುವಿದ ಕೈ ಅದು.

ಮರುದಿನ ಬಲಗಣ್ಣಿನ ಪಟ್ಟಿ ಬಿಚ್ಚಿ, ಕಪ್ಪು ಕನ್ನಡಕ ಹಾಕಿ ಕಳಿಸಿದರು. ಬಸ್ಸಿನಲ್ಲಿ ಮಾಮ ಕಿಟಕಿಗೆ ಕೂತರು. ಪಕ್ಕದಲ್ಲಿ ಅತ್ತೆ, ಹಿಂದಿನ ಸೀಟಿನಲ್ಲಿ ನಾನು. ಬಸ್ಸು ಹೊರಟದ್ದೇ ತಡ, ಶುರುವಾಯಿತು!

"ಟಯರ್ ಪಂಚರ್ ತೆಗೆಯಲಾಗುವುದು. ಇಲ್ಲಿ ಗೋಡೆಬರಹ ಬರೆಯಬಾರದು. ಶಿರೂರು. ಹಳ್ಳಿ ಊಟ ಸಿಗುತ್ತದೆ. ನಿಧಾನವಾಗಿ ಚಲಿಸಿ."

ಒಂದೂ ಬಿಡಲಿಲ್ಲ. ಕಮತಗಿ ದಾಟಿತು, ಅಮೀನಗಡದಲ್ಲಿ ಸಾಲುಸಾಲು ಕರದಂಟಿನ ಅಂಗಡಿಗಳ ಬೋರ್ಡುಗಳನ್ನೂ ಅಕ್ಷರ ಬಿಡದೆ ಓದಿದರು. ಕಂಡಕ್ಟರು ನಿಂತು, "ಯಾಕ್ರಿ ಹಿರ್ಯಾರ, ಹೊಸದಾಗಿ ಸಾಲಿಗೆ ಹಚ್ಚ್ಯಾರೇನು?" ಎಂದ. ಬಸ್ಸೆಲ್ಲ ನಕ್ಕಿತು. ನನಗೂ ನಗು ಬಂತು. ಆಗ ಅತ್ತೆಯ ಹೆಗಲು ಅಲುಗುವುದು ಕಂಡಿತು. ಸೆರಗು ಬಾಯಿಗೆ ಒತ್ತಿ ಅಳುತ್ತಿದ್ದಳು.

ಅತ್ತೆ ಕಲಿತದ್ದು ನಾಲ್ಕನೆಯ ಇಯತ್ತೆ. ಎರಡು ವರ್ಷದಿಂದ ಅವಳು ದಿನವೂ ಪತ್ರಿಕೆ, ಲಗ್ನಪತ್ರ, ಗುಳಿಗೆ ಡಬ್ಬಿಯ ಮೇಲಿನ ಬರಹ, ಎಲ್ಲವನ್ನೂ ಅಕ್ಷರ ಕೂಡಿಸಿ ಕೂಡಿಸಿ ಜೋರಾಗಿ ಓದುತ್ತಿದ್ದಳು. "ನನಗ ಓದೂದ ಮರತ ಹೊಂಟೈತಿ, ತಪ್ಪಿದ್ರ ತಿದ್ದ್ರಿ" ಎಂದು ನೆವ ಹೇಳುತ್ತಿದ್ದಳು. ಮಾಮ ಕಣ್ಣು ಮುಚ್ಚಿ ಕೂತು ತಿದ್ದುತ್ತಿದ್ದರು. ಆ ನೆವ ಅವರಿಗೆ ತಿಳಿದಿಲ್ಲ ಎಂದೇ ನಾವೆಲ್ಲ ಅಂದುಕೊಂಡಿದ್ದೆವು.

ಮಾಮ ಕಿಟಕಿಯಿಂದ ತಿರುಗಿ, ಅವಳ ಮಡಿಲಲ್ಲಿದ್ದ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು.

"ಯಾಕ ಅಳ್ತಿ? ಎರಡ ವರ್ಷ ನನ್ನ ಸಲುವಾಗಿ ನೀ ಓದಿದಿ. ಇನ್ನ ನೀ ಕುಂದ್ರು, ನಾ ಓದ್ತೇನಿ."

ಅತ್ತೆ ಮೂಗು ಒರೆಸಿಕೊಂಡು, "ಓದ್ರಿ" ಎಂದಳು.

ಬಸ್ಸು ಹುನಗುಂದಕ್ಕೆ ಬಂತು. ನಾನು ಅಲ್ಲಿ ಇಳಿಯಬೇಕಿತ್ತು, ಮಧ್ಯಾಹ್ನ ಶಾಲೆಯಿತ್ತು. ಮಾಮ ಆಗಲೇ ಬಸ್‌ಸ್ಟ್ಯಾಂಡಿನ ಬೋರ್ಡು ಓದಲು ಶುರುಮಾಡಿದ್ದರು, ಅತ್ತೆ ಅವರ ಹೆಗಲಿಗೆ ಒರಗಿ ಕೇಳುತ್ತಿದ್ದಳು. ನಾನು ಇಳಿಯಲಿಲ್ಲ.